ದಿನಾಂಕಗಳ ಬೆನ್ನುಹತ್ತಿ ಕಲಿತ ಪರಿಸರ ಕಾನೂನು

ನಾನು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿ ಮಾಡುವವನು. ವೃತ್ತಿಯ ಮೊದಲ 11 ವರ್ಷ ನನ್ನ ಕೈಗೆ ಬಂದದ್ದು ಪಾಲಿನ ದಾವೆ, ಒತ್ತುವರಿ, ದಾರಿಯ ತಕರಾರು, ಚೆಕ್ ಬೌನ್ಸ್ ಇಂಥವೇ. ಪರಿಸರ ಕಾನೂನನ್ನು ಕ್ರಮವಾಗಿ ಓದಲು ನಾನು ಕೂತದ್ದು ಒಂದು ಮೇಲ್ಮನವಿಯನ್ನು ಕಳೆದುಕೊಂಡ ಮೇಲೆ. ಅದೂ ವಾದದಲ್ಲಿ ಸೋತಲ್ಲ, ದಿನಗಳ ಎಣಿಕೆಯಲ್ಲಿ ತಪ್ಪಿ.

ನಮ್ಮ ಕಡೆಯ ಒಂದು ಊರಿನ ಮಗ್ಗುಲಿಗೆ ಕಲ್ಲು ಕ್ವಾರಿಯೊಂದಕ್ಕೆ ಪರಿಸರ ಅನುಮತಿ ಸಿಕ್ಕಿತ್ತು. ಊರಿನ ಹಲವರದು ರೇಷ್ಮೆ ಬೇಸಾಯ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಕ್ರಷರ್ ಧೂಳು ಕೂತರೆ ಹುಳು ಮೇಯುವುದಿಲ್ಲ ಎಂಬುದು ಅವರ ಮುಖ್ಯ ಆತಂಕ. ಕಾಗದಪತ್ರಗಳ ಕಟ್ಟು ಹಿಡಿದು ಅವರು ನನ್ನಲ್ಲಿಗೆ ಬಂದಾಗ ಅನುಮತಿಯ ಪ್ರಕಟಣೆ ಪತ್ರಿಕೆಯಲ್ಲಿ ಬಂದು ಎರಡು ತಿಂಗಳಿಗೂ ಹೆಚ್ಚಾಗಿತ್ತು. ನಾನು ನಿಧಾನವಾಗಿ ದಾಖಲೆ ಕೂಡಿಸಿ, ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠಕ್ಕೆ ಮೇಲ್ಮನವಿ ಸಲ್ಲಿಸಿದ್ದು 104ನೆಯ ದಿನ. ತಡವಾದದ್ದಕ್ಕೆ ಕಾರಣ ಹೇಳಿ ಅರ್ಜಿ ಹಾಕಿದರೆ ವಿಳಂಬ ಮನ್ನಾ ಆಗುತ್ತದೆ ಎಂಬುದು ಸಿವಿಲ್ ನ್ಯಾಯಾಲಯದಲ್ಲಿ ಬೆಳೆದ ನನ್ನ ನಂಬಿಕೆಯಾಗಿತ್ತು. ಆದರೆ 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 16ನೆಯ ಕಲಂ ಮೇಲ್ಮನವಿಗೆ 30 ದಿನ ಕೊಡುತ್ತದೆ. ಸಕಾರಣವಿದ್ದರೆ ಇನ್ನೂ 60 ದಿನ, ಅದಕ್ಕೆ ಮೀರಿ ಒಂದು ದಿನವೂ ಇಲ್ಲ. ವಿಳಂಬ ಮನ್ನಾಕ್ಕೆ ಅವಕಾಶ ಕೊಡುವ ಕಾಲಮಿತಿ ಕಾಯ್ದೆಯ 5ನೆಯ ಕಲಂ ಅಲ್ಲಿ ನೆರವಿಗೆ ಬರುವುದಿಲ್ಲ. ಕಡತ ತೆರೆದ ಹತ್ತು ನಿಮಿಷದಲ್ಲಿ ಮೇಲ್ಮನವಿ ವಜಾ ಆಯಿತು. ಊರಿನ ಹಿರಿಯರೊಬ್ಬರು, "ಧೂಳಿನ ಮಾತೇ ಬರ್ಲಿಲ್ವಲ್ಲಾ ಸಾ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಆ ವರ್ಷವೇ ದೂರಶಿಕ್ಷಣದಲ್ಲಿ ಪರಿಸರ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಸೇರಿದೆ. ಪಠ್ಯ ಪ್ರಾರಂಭವಾಗುವುದು 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದ. ಅಲ್ಲಿಂದ 1976ರ 42ನೆಯ ತಿದ್ದುಪಡಿ, ಅದು ಸಂವಿಧಾನಕ್ಕೆ ಸೇರಿಸಿದ 48ಎ ಮತ್ತು 51ಎ(ಜಿ) ವಿಧಿಗಳು, ಭೋಪಾಲದ ನಂತರ ಬಂದ 1986ರ ಪರಿಸರ (ಸಂರಕ್ಷಣೆ) ಕಾಯ್ದೆ, 1992ರ ರಿಯೊ ಘೋಷಣೆ ಎಂದು ಅದು ಸಾಗುತ್ತದೆ. ಇತಿಹಾಸವಾಗಿ ಇದರಲ್ಲಿ ದೋಷವಿಲ್ಲ. ಆದರೆ ಆ ಕ್ರಮದಲ್ಲಿ ಓದಿದವನಿಗೆ ಕಾನೂನು ಮೇಲಿನಿಂದ ಇಳಿದುಬರುವ ಆದರ್ಶಗಳ ಸಾಲಿನಂತೆ ಕಾಣಿಸುತ್ತದೆ. ಕ್ವಾರಿಯ ಪಕ್ಕದ ಜಮೀನಿನವನಿಗೆ ಅದು ಎಲ್ಲಿ, ಯಾವ ದಿನ, ಯಾರ ಕಚೇರಿಯಲ್ಲಿ ಕೈಗೆ ಸಿಗುತ್ತದೆ ಎಂಬುದು ತಿಳಿಯುವುದಿಲ್ಲ. ಹೀಗಾಗಿ ಪರೀಕ್ಷೆಗೆ ಪಠ್ಯದ ಕ್ರಮದಲ್ಲೇ ಓದಿದರೂ, ನನಗಾಗಿ ಬೇರೆಯೇ ಒಂದು ಕ್ರಮ ಇಟ್ಟುಕೊಂಡೆ.

1986ರ ಕಾಯ್ದೆಯಲ್ಲಿರುವುದು 26 ಕಲಂಗಳು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ ಆ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಟ್ಟು ಸುಮ್ಮನಾಗುತ್ತದೆ. ನಿಜವಾದ ವಿಷಯವಿರುವುದು ಅದರಡಿ ಹೊರಬಿದ್ದ ಅಧಿಸೂಚನೆಗಳಲ್ಲಿ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯೊಂದನ್ನೇ ನಾನು ಮೂರು ತಿಂಗಳು ಓದಿದೆ. ಅದು ಎಷ್ಟೋ ಬಾರಿ ತಿದ್ದುಪಡಿಯಾಗಿರುವುದರಿಂದ, ಮೂಲಪ್ರತಿಯನ್ನು ಅಗಲವಾದ ಅಂಚು ಬಿಟ್ಟು ಮುದ್ರಿಸಿಕೊಂಡು, ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕದೊಡನೆ ಪೆನ್ಸಿಲಿನಲ್ಲಿ ಬರೆದುಕೊಂಡೆ. ಆ ಓದಿನಲ್ಲೇ ನನ್ನ ಸೋಲಿನ ಇನ್ನೊಂದು ಮುಖ ಕಂಡಿತು: ಅನುಮತಿ ಪಡೆದವರು ಅದನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು, ಪಂಚಾಯಿತಿ ಅದನ್ನು 30 ದಿನ ಪ್ರದರ್ಶಿಸಬೇಕು. ಮೇಲ್ಮನವಿಯ ದಿನಗಳು ಎಂದಿನಿಂದ ಪ್ರಾರಂಭವಾಗುತ್ತವೆ ಎಂಬ ವಾದಕ್ಕೆ ಇವೇ ಆಧಾರ. ಪಂಚಾಯಿತಿಗೆ ಪ್ರತಿ ಬಂದಿತ್ತೇ ಎಂದು ನಾನು ಅಂದು ವಿಚಾರಿಸಿಯೇ ಇರಲಿಲ್ಲ.

ತೀರ್ಪುಗಳನ್ನು ಓದುವುದರಲ್ಲೂ ಒಂದು ನಿಯಮ ಮಾಡಿಕೊಂಡೆ. ಮೊದಲು ಕೊನೆಯ ಪುಟಗಳನ್ನು ಓದಿ, ನ್ಯಾಯಾಲಯ ಯಾರಿಗೆ ಏನು ಮಾಡಲು, ಯಾವ ದಿನದೊಳಗೆ ಹೇಳಿತು ಎಂಬುದನ್ನು ಬರೆದಿಟ್ಟುಕೊಂಡು, ಆಮೇಲೆ ತತ್ವಗಳ ಭಾಗಕ್ಕೆ ಹಿಂದಿರುಗುವುದು. ವೆಲ್ಲೂರು ನಾಗರಿಕರ ಕಲ್ಯಾಣ ವೇದಿಕೆಯ ಪ್ರಕರಣದಲ್ಲಿ (1996) ಸರ್ವೋಚ್ಚ ನ್ಯಾಯಾಲಯ ಮುನ್ನೆಚ್ಚರಿಕೆಯ ತತ್ವವನ್ನೂ, ಕೆಡಿಸಿದವನೇ ತೆರಬೇಕೆಂಬ ತತ್ವವನ್ನೂ ನಮ್ಮ ನೆಲದ ಕಾನೂನಿನ ಭಾಗವೆಂದು ಸಾರಿತು. ಎಲ್ಲ ಪಠ್ಯಗಳೂ ಇಷ್ಟು ಹೇಳುತ್ತವೆ. ಕೊನೆಯ ಪುಟಗಳಲ್ಲಿರುವುದು ಬೇರೆ: ತಮಿಳುನಾಡಿನ ಐದು ಜಿಲ್ಲೆಗಳ ಚರ್ಮ ಹದ ಮಾಡುವ ಘಟಕಗಳಿಗೆ ತಲಾ 10,000 ರೂಪಾಯಿ ದಂಡ, ನಷ್ಟವನ್ನು ಲೆಕ್ಕಹಾಕಲು ಒಂದು ಪ್ರಾಧಿಕಾರದ ರಚನೆ, ಶುದ್ಧೀಕರಣ ಘಟಕ ಸ್ಥಾಪಿಸಲು ಗಡುವು. ದೊಡ್ಡ ತತ್ವಕ್ಕೆ ನೆಲದ ಮೇಲೆ ಬಂದ ಬೆಲೆ ಎಷ್ಟು ಎಂಬುದನ್ನು ಈ ಓದು ತಿಳಿಸುತ್ತದೆ. ಕುದುರೆಮುಖದ ತೀರ್ಪನ್ನೂ ಹೀಗೆಯೇ ಓದಿದೆ. 2002ರ ಅಕ್ಟೋಬರ್ 30ರಂದು ಬಂದ ಆ ತೀರ್ಪಿನಂತೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಲ್ಲಬೇಕಾಗಿತ್ತು, ನಿಂತಿತು. ದಿನಾಂಕ ನಿಗದಿಯಾಗಿದ್ದ ಆದೇಶ ಜಾರಿಗೆ ಬಂದದ್ದನ್ನು ನೋಡಿದ ಮೇಲೆ, ಯಾವ ಅರ್ಜಿಯ ಕೋರಿಕೆಯಲ್ಲೂ ಇಂತಿಷ್ಟು ದಿನದೊಳಗೆ ಎಂಬ ಮಾತಿಲ್ಲದೆ ನಾನು ವಾಕ್ಯ ಮುಗಿಸುವುದಿಲ್ಲ.

ಕೇವಲ ಶಾಸ್ತ್ರಕ್ಕೆಂದು ಭಾವಿಸಿದ್ದ ಕೆಲವು ಸಂಗತಿಗಳು ಕಸುಬಿಗೆ ಬೇಕಾದವೇ ಆಗಿದ್ದವು. 1974ರ ಜಲ ಕಾಯ್ದೆಯನ್ನು ಸಂಸತ್ತು ಮಾಡಿದ್ದು 252ನೆಯ ವಿಧಿಯಡಿ, ರಾಜ್ಯಗಳು ನಿರ್ಣಯ ಅಂಗೀಕರಿಸಿ ಕೇಳಿಕೊಂಡ ಮೇಲೆ. ಹಾಗೆ ಕೇಳಿಕೊಂಡ ಮೊದಲ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1981ರ ವಾಯು ಕಾಯ್ದೆಯಾದರೋ 253ನೆಯ ವಿಧಿಯಡಿ ಬಂದುದರಿಂದ ನೇರವಾಗಿ ದೇಶಕ್ಕೆಲ್ಲ ಅನ್ವಯಿಸುತ್ತದೆ. ಇದು ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಎಂದುಕೊಂಡಿದ್ದೆ. ಆದರೆ 2024ರಲ್ಲಿ ಜಲ ಕಾಯ್ದೆಗೆ ತಿದ್ದುಪಡಿ ಬಂದಾಗ ಅದು ಮೊದಲಿಗೆ ಅನ್ವಯವಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಮಾತ್ರ. ಉಳಿದ ರಾಜ್ಯಗಳು ತಾವಾಗಿ ಒಪ್ಪಿಕೊಳ್ಳಬೇಕು. ತಿದ್ದುಪಡಿಯಾದ ಕಲಂ ಅನ್ನು ಉದ್ಧರಿಸುವ ಮೊದಲು ನಮ್ಮ ವಿಧಾನಮಂಡಲದ ನಿರ್ಣಯವನ್ನು ಹುಡುಕುವ ಅಭ್ಯಾಸ ನನಗೆ ಬಂದದ್ದು ಅಲ್ಲಿಂದ.

ಓದಿದ್ದು ಮೊದಲ ಬಾರಿಗೆ ಕೈಗೂಡಿದ್ದು ಒಂದು ಕಾರ್ಖಾನೆಯ ವಿಸ್ತರಣೆಗಾಗಿ ಕರೆದಿದ್ದ ಸಾರ್ವಜನಿಕ ಅಹವಾಲು ಸಭೆಯಲ್ಲಿ. ಸಭೆಗೆ 30 ದಿನ ಮೊದಲು ಪ್ರಕಟಣೆ ಹೊರಡಿಸಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಲ್ಲದವರು ಅಧ್ಯಕ್ಷತೆ ವಹಿಸಬೇಕು. ಅಧ್ಯಯನ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಇಷ್ಟು ಹಲವರಿಗೆ ಗೊತ್ತಿರುತ್ತದೆ. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಎಲ್ಲರಿಗೂ ಓದಿ ಹೇಳಿ, ಒಪ್ಪಿದ ನಡಾವಳಿಗೆ ಅದೇ ದಿನ ಸಹಿ ಮಾಡಬೇಕೆಂಬ ಮಾತು 2006ರ ಅಧಿಸೂಚನೆಯ ಅನುಬಂಧದಲ್ಲಿದೆ. ನಾನು ಆ ಪುಟವನ್ನು ಕೈಯಲ್ಲಿ ಹಿಡಿದು ನಿಂತು ಕೇಳಿದಾಗ, ಹೊರಡಲು ಎದ್ದಿದ್ದ ಅಧಿಕಾರಿಗಳು ಮತ್ತೆ ಕುಳಿತು ಅದನ್ನು ಓದಿಸಿದರು. ರೈತರೊಬ್ಬರು ತಮ್ಮ ಕೊಳವೆಬಾವಿಯ ನೀರಿನ ಬಗ್ಗೆ ಆಡಿದ್ದ ಮಾತು ಬರಹದಲ್ಲಿ ಬಿಟ್ಟುಹೋಗಿದ್ದು ಆಗ ಹೊರಬಂದು ಸೇರ್ಪಡೆಯಾಯಿತು. ಇನ್ನು ಕನ್ನಡ ಸಾರಾಂಶದ ಗುಣಮಟ್ಟ ಹೇಗಿತ್ತೆಂದರೆ, ಘಟಕ ಎನ್ನಬೇಕಾದ ಕಡೆಯೆಲ್ಲ 'ಸಸ್ಯ' ಎಂದಿತ್ತು. 'ಸಸ್ಯದ ಸಾಮರ್ಥ್ಯ ದಿನಕ್ಕೆ 500 ಟನ್' ಎಂದು ಓದಿದವರು ಅದನ್ನು ತೋಟಗಾರಿಕೆಯ ಯೋಜನೆ ಎಂದುಕೊಂಡರೂ ತಪ್ಪಿಲ್ಲ.

ಭಾಷೆಯ ಪ್ರಶ್ನೆ ಇಂಥ ನಗೆಪಾಟಲಿಗೇ ಸೀಮಿತವಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ಅಧಿಸೂಚನೆಯನ್ನು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಪ್ರಕಟಿಸಿ ಜನರಿಂದ ಆಕ್ಷೇಪಣೆ ಕರೆದಿತ್ತು. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅದನ್ನು ಅನುವಾದಿಸುವಂತೆ ದೆಹಲಿ ಹೈಕೋರ್ಟ್ ಹೇಳಿತು. ಅದೇ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಆ ದಿನಗಳಲ್ಲಿ ನಾನು ಕರಡಿನ ಮುಖ್ಯ ಭಾಗಗಳನ್ನು ಕನ್ನಡಕ್ಕೆ ತಂದು ಊರವರಿಗೆ ಓದಿ ಹೇಳುತ್ತಿದ್ದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪಾಠ ಇನ್ನೊಂದಾಗಲಿಲ್ಲ. ಕನ್ನಡದಲ್ಲಿ ಹೇಳಲಾಗದ ಕಲಂ ನನಗೆ ಅರ್ಥವಾಗದ ಕಲಂ ಎಂಬುದು ಪದೇ ಪದೇ ಗೊತ್ತಾಗುತ್ತಿತ್ತು.

ಹವಾಮಾನ ನೀತಿಗೆ ಬಂದಾಗ ಈ ತೊಡಕು ಇನ್ನೂ ಹೆಚ್ಚಿತು. ಬಿಸಿಲು, ಬರ, ಅಕಾಲದ ಮಳೆಗೆ ಬದುಕನ್ನು ಒಗ್ಗಿಸಿಕೊಳ್ಳುವ ಕ್ರಮಗಳನ್ನು ಸರ್ಕಾರಿ ಕನ್ನಡದಲ್ಲಿ 'ಹೊಂದಾಣಿಕೆ' ಎನ್ನುತ್ತಾರೆ. ನಮ್ಮ ನ್ಯಾಯಾಲಯದ ಆವರಣದಲ್ಲಿ ಹೊಂದಾಣಿಕೆ ಎಂದರೆ ರಾಜಿ. 'ಹೊಂದಾಣಿಕೆಗೆ ಅನುದಾನವಿದೆ' ಎಂದಾಗ ಯಾರ ಜೊತೆ ಎಂದು ಕೇಳಿದವರಿದ್ದಾರೆ. ಇದಕ್ಕಿಂತ ಮೋಸದ ಪದ 'ತೀವ್ರತೆ'. ಪ್ಯಾರಿಸ್ ಒಪ್ಪಂದದಡಿ ಭಾರತ 2022ರ ಆಗಸ್ಟ್‌ನಲ್ಲಿ ಪರಿಷ್ಕರಿಸಿ ಸಲ್ಲಿಸಿದ ಬದ್ಧತೆಯಲ್ಲಿ, 2005ಕ್ಕೆ ಹೋಲಿಸಿದರೆ 2030ರೊಳಗೆ ಆರ್ಥಿಕತೆಯ ಹೊರಸೂಸುವಿಕೆಯ ತೀವ್ರತೆಯನ್ನು, ಅಂದರೆ ಜಿಡಿಪಿಯ ಪ್ರತಿ ಘಟಕಕ್ಕೆ ಹೊರಬೀಳುವ ಹಸಿರುಮನೆ ಅನಿಲದ ಪ್ರಮಾಣವನ್ನು, ಶೇ 45ರಷ್ಟು ತಗ್ಗಿಸುವ ಮಾತಿದೆ. ಹೊರಸೂಸುವಿಕೆಯೇ ಶೇ 45 ಇಳಿಯುತ್ತದೆ ಎಂದು ನಾನು ಬಹಳ ದಿನ ತಿಳಿದಿದ್ದೆ. ತಪ್ಪು ತಿದ್ದಿಕೊಂಡದ್ದು ಆಲೆಮನೆಯ ಲೆಕ್ಕದಿಂದ. ಒಂದು ಕ್ವಿಂಟಲ್ ಬೆಲ್ಲ ಬೇಯಿಸಲು ಮೊದಲು 100 ಕೆ.ಜಿ. ಸೌದೆ ಬೇಕಾಗುತ್ತಿತ್ತು, ಒಲೆ ಸುಧಾರಿಸಿದ ಮೇಲೆ 55 ಕೆ.ಜಿ. ಸಾಕಾಗುತ್ತದೆ ಎಂದುಕೊಳ್ಳೋಣ, ತೀವ್ರತೆ ಶೇ 45 ಇಳಿಯಿತು. ಆದರೆ ಅದೇ ಆಲೆಮನೆ ಈಗ ಎರಡೂವರೆ ಪಟ್ಟು ಬೆಲ್ಲ ತೆಗೆದರೆ ಸುಟ್ಟ ಸೌದೆ 100ರಿಂದ 137.5 ಕೆ.ಜಿ.ಗೆ ಏರಿರುತ್ತದೆ. ಬೆಳೆಯಬೇಕಾದ ಬಡ ದೇಶ ಹೀಗೆ ಲೆಕ್ಕ ಹಾಕುವುದರಲ್ಲಿ ನ್ಯಾಯವಿದೆ ಎಂಬುದೇ ನನ್ನ ಅಭಿಪ್ರಾಯ. ಆದರೆ ಓದುವವನಿಗೆ ಅದು ಯಾವ ಲೆಕ್ಕ ಎಂಬುದು ಗೊತ್ತಿರಬೇಕು.

ಹವಾಮಾನ ಬದಲಾವಣೆಗೆಂದೇ ನಮ್ಮಲ್ಲಿ ಒಂದು ಸಮಗ್ರ ಕಾಯ್ದೆ ಇಲ್ಲ. ಹಸಿರು ನ್ಯಾಯಮಂಡಳಿಯ ವ್ಯಾಪ್ತಿಯನ್ನು ಹೇಳುವ ಅನುಸೂಚಿಯಲ್ಲಿ ಏಳು ಕಾಯ್ದೆಗಳಿವೆ, ಅವುಗಳಲ್ಲಿ ಹವಾಮಾನದ ಹೆಸರಿನದು ಯಾವುದೂ ಇಲ್ಲ. ಉತ್ತರಾಖಂಡದ ಬಾಲಕಿ ರಿಧಿಮಾ ಪಾಂಡೆ ಸಲ್ಲಿಸಿದ್ದ ಅರ್ಜಿಯನ್ನು ನ್ಯಾಯಮಂಡಳಿ 2019ರಲ್ಲಿ ಕೈಬಿಟ್ಟಿತು. ಮುಂದೆ 2024ರ ಮಾರ್ಚ್ 21ರಂದು, ಎಂ.ಕೆ. ರಂಜಿತ್‌ಸಿಂಹ ಅವರ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು 14 ಮತ್ತು 21ನೆಯ ವಿಧಿಗಳಲ್ಲಿದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದಾಗ ನಮ್ಮ ವಲಯದಲ್ಲಿ ಸಂಭ್ರಮವಿತ್ತು. ನಾನು ಎಂದಿನಂತೆ ಕೊನೆಯ ಪುಟಗಳಿಗೆ ಹೋದೆ. ಅಲ್ಲಿದ್ದದ್ದು, ರಾಜಸ್ಥಾನ, ಗುಜರಾತಿನಲ್ಲಿ ಎರೆಭೂತ ಹಕ್ಕಿಯ ನೆಲೆಗಳಲ್ಲಿ ವಿದ್ಯುತ್ ತಂತಿಗಳನ್ನು ನೆಲದಡಿ ಎಳೆಯಬೇಕೆಂಬ 2021ರ ಆದೇಶವನ್ನು ಸಡಿಲಿಸಿ, ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿದ ನಿರ್ಧಾರ. ನಮ್ಮ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಳ್ಳುವ ಅದೇ ಹಕ್ಕಿ. ಹವಾಮಾನದ ಹಕ್ಕು ಮಾನ್ಯವಾದದ್ದು ಸೌರವಿದ್ಯುತ್ತಿಗೆ ದಾರಿ ಬಿಡುವ ಪ್ರಕರಣದಲ್ಲಿ ಎಂಬುದನ್ನು ಮರೆತು ಆ ತೀರ್ಪನ್ನು ಉದ್ಧರಿಸಬಾರದು.

ಇದನ್ನು ಇನ್ನಷ್ಟು ತಿಳಿಯಲೆಂದು ಪಾವಗಡದ ಸೌರ ಪಾರ್ಕಿಗೆ ಎರಡು ಬಾರಿ ಹೋಗಿಬಂದೆ. ಸುಮಾರು 13,000 ಎಕರೆ, 2,050 ಮೆಗಾವಾಟ್. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಪ್ರಾರಂಭವಾಯಿತು. ಪದೇ ಪದೇ ಬರ ಕಂಡ ಸೀಮೆಗೆ ಅದು ಸಣ್ಣ ಹಣವಲ್ಲ. ಆದರೆ ಪಾಲಿನ ದಾವೆಗಳಲ್ಲಿ ಪಳಗಿದ ಕಣ್ಣಿಗೆ ಮೊದಲು ಕಾಣುವುದು ಪಹಣಿ: ಹಣ ಬರುವುದು ಅದರಲ್ಲಿ ಹೆಸರಿದ್ದವರಿಗೆ; ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಪತ್ರದಲ್ಲಿ ಜಾಗವಿಲ್ಲ. ಸೌರಫಲಕದ ಯೋಜನೆಗಳಿಗೆ 2006ರ ಅಧಿಸೂಚನೆಯ ಅನುಮತಿ ಬೇಕಿಲ್ಲದ ಕಾರಣ, ಅವರು ಎದ್ದು ಮಾತಾಡಬಹುದಾದ ಅಹವಾಲು ಸಭೆಯೂ ಅಲ್ಲಿಲ್ಲ.

ಈ ವಿಷಯವನ್ನು ಓದುವವರಿಗೆ ಟಿಪ್ಪಣಿ ಹಳತಾಗುವ ಕಾಟ ತಪ್ಪಿದ್ದಲ್ಲ. 1986ರ ಕಾಯ್ದೆಯ 15ನೆಯ ಕಲಂನಡಿ ಐದು ವರ್ಷದವರೆಗೆ ಜೈಲು ಎಂದು ನಾನು ಬಾಯಿಪಾಠ ಮಾಡಿದ್ದೆ. ಜನ ವಿಶ್ವಾಸ ತಿದ್ದುಪಡಿಯಿಂದ 2024ರ ಏಪ್ರಿಲ್ 1ರ ನಂತರ ಅದು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡವಾಯಿತು. ಕೆಲಸ ಪ್ರಾರಂಭಿಸಿದ ಮೇಲೆ ಅನುಮತಿ ಕೊಡುವ ಪದ್ಧತಿಯನ್ನು ವನಶಕ್ತಿ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತು ಎಂದು ಶಾಯಿಯಲ್ಲಿ ಬರೆದಿಟ್ಟೆ. ಅದೇ ನವೆಂಬರ್‌ನಲ್ಲಿ ಎರಡು–ಒಂದರ ಬಹುಮತದಿಂದ ಆ ತೀರ್ಪನ್ನು ಹಿಂದಕ್ಕೆ ಪಡೆಯಲಾಯಿತು. ಪೆನ್ಸಿಲ್ಲೇ ಲೇಸು.

ಕ್ವಾರಿಯ ಊರಿನವರು ನನ್ನನ್ನು ಬಿಟ್ಟುಹೋಗಲಿಲ್ಲ. ಅನುಮತಿಯನ್ನು ಪ್ರಶ್ನಿಸುವ ದಾರಿ ಮುಚ್ಚಿದ್ದರೂ, ಅದರಲ್ಲಿದ್ದ ಷರತ್ತುಗಳು ಪಾಲನೆಯಾಗುತ್ತಿವೆಯೇ ಎಂದು ಕೇಳುವ ದಾರಿ ಮುಚ್ಚಿರಲಿಲ್ಲ. ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ಅರೆವಾರ್ಷಿಕ ವರದಿ ಸಲ್ಲಿಸಬೇಕೆಂದು 2006ರ ಅಧಿಸೂಚನೆಯೇ ಹೇಳುತ್ತದೆ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ಆ ವರದಿಗಳನ್ನು ಕೇಳಿದೆವು. ನಾಲ್ಕರ ಪೈಕಿ ಸಿಕ್ಕಿದ್ದು ಒಂದು, ಅದರಲ್ಲಿ ನೆಟ್ಟಿದ್ದೇವೆಂದು ಬರೆದಿದ್ದ ಮರಗಳ ಸಾಲು ಸ್ಥಳದಲ್ಲಿ ಇರಲಿಲ್ಲ. ಈ ಸಲ ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೆಯ ಕಲಂನಡಿ ಅರ್ಜಿ ಸಲ್ಲಿಸಿದೆ. ಅದಕ್ಕೆ ಆರು ತಿಂಗಳ ಕಾಲಮಿತಿ; ನಾನು ಹಾಕಿದ್ದು 19ನೆಯ ದಿನ. ಜಂಟಿ ಸಮಿತಿ ಬಂದು ಧೂಳಿನ ಮಾದರಿ ತೆಗೆದುಕೊಂಡು ಹೋಗಿದೆ, ಹಿಪ್ಪುನೇರಳೆ ತೋಟದೊಳಗೂ ಹೋಗಿ ನೋಡಿದೆ. ಅದರ ವರದಿ ಇನ್ನೂ ಬರಬೇಕಿದೆ.