ಸಭೆ ಸಾಕು ಅಂತ ಸೀಮೆಸುಣ್ಣ ಹಿಡಿದೆ

ಬೀದಿ ವಿನ್ಯಾಸ ನನ್ನ ಕೆಲಸ. ಮೊದಲ ಸಲ ಜನರ ಅಭಿಪ್ರಾಯ ಕೇಳಬೇಕಾದಾಗ ಸಂಜೆ ಸಭೆ ಕರೆದು, ಗೋಡೆಗೆ ನಕ್ಷೆ ಅಂಟಿಸಿದೆ. ಬಂದವರೆಲ್ಲ ಹೆಚ್ಚುಕಮ್ಮಿ ಕಾರಿನವರೇ. ಎರಡು ಗಂಟೆ ಬರೀ ಪಾರ್ಕಿಂಗ್ ಮಾತು. ಆ ಬೀದಿಯಲ್ಲಿ ದಿನಾ ನಡೆಯುವ ಮಕ್ಕಳಿಲ್ಲ, ವಯಸ್ಸಾದವರಿಲ್ಲ. ಕತ್ತಲಾದ ಮೇಲೆ ಆ ರಸ್ತೆ ದಾಟಿ ಸಭೆಗೆ ಬರೋದಕ್ಕೇ ಅವರಿಗೆ ಭಯ ಅಂತ ಆಮೇಲೆ ತಿಳಿಯಿತು.

ಸರಿ, ನಾನೇ ಅವರ ಬಳಿ ಹೋದೆ. ಊರುಗೋಲು ಹಿಡಿದ ಅಜ್ಜಿಯೊಬ್ಬರ ಜೊತೆ ಸಿಗ್ನಲ್ ಹತ್ತಿರ ನಿಂತೆ. ರಸ್ತೆಯ ಅಗಲ 12 ಮೀಟರ್. ನಡೆಯುವವರು ಸೆಕೆಂಡಿಗೆ 1.2 ಮೀಟರ್ ಹೋಗುತ್ತಾರೆ ಅಂತ ಹಿಡಿದು ದಾಟಲು 10 ಸೆಕೆಂಡ್ ಕೊಟ್ಟಿದ್ದರು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಹಸಿರು ದೀಪ ಆರಿದಾಗ ಅಜ್ಜಿಗೆ ಇನ್ನೂ ನಾಲ್ಕು ಮೀಟರ್ ಬಾಕಿ. ಹಾರ್ನ್ ಶುರುವಾಯಿತು. ಅವರು ಕೋಲು ಎತ್ತಿ ಗಾಡಿಗಳಿಗೆ ತೋರಿಸುತ್ತಾ ದಾಟಿದರು. "ದಿನಾ ಹೀಗೇ ಕಣಪ್ಪಾ, ಈ ಕೋಲು ಇರೋದು ನಡೆಯೋಕಲ್ಲ, ಇದಕ್ಕೇ" ಅಂದರು.

ಮಕ್ಕಳಿಗೆ ಬೇರೆ ಕೆಲಸ ಕೊಟ್ಟೆ. ರಸ್ತೆ ಬದಿಯಲ್ಲಿ 50 ಮೀಟರ್ ಅಂತರಕ್ಕೆ ಎರಡು ಗುರುತು, ಕೈಯಲ್ಲೊಂದು ಸ್ಟಾಪ್‌ವಾಚ್. ಗಾಡಿ 6 ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 30 ಕಿಲೋಮೀಟರ್ ವೇಗ. 4 ಸೆಕೆಂಡ್ ಆದರೆ 45. ಮಕ್ಕಳು ಗಾಡಿಯ ಬಣ್ಣವನ್ನೂ ಬರೆದುಕೊಂಡಿದ್ದರು, ನಾನು ಹೇಳಿರಲಿಲ್ಲ. ಆ ಪಟ್ಟಿ ನೋಡಿದ ಮೇಲೆ "ಇಲ್ಲಿ ಯಾರೂ ಜೋರಾಗಿ ಓಡಿಸಲ್ಲ" ಅನ್ನುವ ಮಾತು ಮತ್ತೆ ಬರಲಿಲ್ಲ.

ಆಮೇಲೆ ಹೊಸ ವಿನ್ಯಾಸವನ್ನು ಮೊದಲು ಅಲ್ಲೇ ಪರೀಕ್ಷಿಸಿ ನೋಡೋಣ ಅಂತ ಸೀಮೆಸುಣ್ಣ, ಟ್ರಾಫಿಕ್ ಕೋನ್ ಹಿಡಿದು ರಸ್ತೆಗೇ ಇಳಿದೆವು. ಮೂಲೆಯ ತಿರುವು ವಿಶಾಲವಾಗಿದ್ದರೆ ಗಾಡಿಗಳು ಬ್ರೇಕ್ ಮುಟ್ಟದೆ ತಿರುಗುತ್ತವೆ. ಅದಕ್ಕೆ ಕೋನ್ ಇಟ್ಟು ಮೂಲೆ ಬಿಗಿ ಮಾಡಿದೆವು. ಕಸದ ಲಾರಿ ಬಂದು ಎರಡು ಕೋನ್ ಮೇಲೇ ಹತ್ತಿತು. ಅರ್ಧ ಮೀಟರ್ ಹಿಂದೆ ಸರಿಸಿದೆವು, ಅಷ್ಟೇ. ಕಲ್ಲು ಕೂರಿಸಿದ ಮೇಲೆ ಹೀಗಾಗಿದ್ದರೆ ಒಡೆಯಬೇಕಿತ್ತು, ಅಲ್ವಾ?

ಸೈಕಲ್ ದಾರಿಯನ್ನು ನಾನು ನಿಂತ ಕಾರುಗಳಿಗೆ ಅಂಟಿಕೊಂಡಂತೆ ಎಳೆದಿದ್ದೆ. ದಿನಾ ಸೈಕಲ್ ತುಳಿಯುವ ಹುಡುಗಿಯೊಬ್ಬಳು ಏನೂ ವಾದ ಮಾಡಲಿಲ್ಲ. ಸುಮ್ನೆ ಹೋಗಿ, ಕಾರೊಂದರ ಮಾಲೀಕರನ್ನು ಕೇಳಿ, ಬಾಗಿಲು ಪೂರ್ತಿ ತೆಗೆಸಿದಳು. ನಾನು ಎಳೆದ ದಾರಿಯಲ್ಲಿ ಮುಕ್ಕಾಲು ಭಾಗ ಬಾಗಿಲೇ ತುಂಬಿತು. "ಈಗ ನಾನೆಲ್ಲಿ ಹೋಗ್ಲಿ ಹೇಳಿ" ಅಂದಳು. ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟೆ. ಬಾಗಿಲು ತೆರೆಯುವಷ್ಟು ಜಾಗ ಬಿಟ್ಟು ಅವಳೇ ಹೊಸ ಗೆರೆ ಎಳೆದಳು.

ಸಿಗ್ನಲ್ ಸಮಯ ಬದಲಿಸುವುದು ಕಾಂಕ್ರೀಟ್ ಕೆಲಸದಷ್ಟು ಕಷ್ಟವಲ್ಲ. ಆದರೂ ಒಪ್ಪಿಗೆ ಬರಲು ತಿಂಗಳುಗಳೇ ಹಿಡಿದವು. ಈಗ 16 ಸೆಕೆಂಡ್ ಇದೆ. ಅಜ್ಜಿ ಒಂದು ಸೆಕೆಂಡ್ ಉಳಿಸಿಕೊಂಡು ಆಚೆ ತಲುಪುತ್ತಾರೆ. ಕೋಲು ಎತ್ತುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ.