ಸ್ಟೀಲ್ ಲೋಟದ ಮೇಲೆ ಹಿಮ ಕಟ್ಟಿಸುವ ಬಗೆ

«ಒಂದು ಹಿಮದ ಹರಳಿನಂತೆ ಇನ್ನೊಂದು ಇರುವುದೇ ಇಲ್ಲವಂತೆ, ನಿಜವೇ ಮೇಡಂ?» ಎಂದು ಮಕ್ಕಳು ಕೇಳಿದರೆ ಕೂಡಲೇ ಹೌದೆನ್ನಬೇಡಿ. ಮೊದಲು ಆವಿ ಹರಳಾಗುವುದನ್ನು ಅವರೇ ನೋಡಲಿ. ದಾವಣಗೆರೆಯಲ್ಲಿ ನಮಗೆ ದಕ್ಕುವುದು ಬೇಸಿಗೆಯ ಆಲಿಕಲ್ಲು ಮಾತ್ರ. ಅದು ನೀರಹನಿಗಳು ಪದರ ಪದರವಾಗಿ ಹೆಪ್ಪುಗಟ್ಟಿದ ಉಂಡೆ. ಹಿಮದ ಹರಳು ಬೆಳೆಯುವುದು ಆವಿಯಿಂದ.

ಜ್ಯೂಸ್ ಅಂಗಡಿಯಿಂದ ಮಂಜುಗಡ್ಡೆ ತಂದು, ಗೋಣಿಚೀಲದಲ್ಲಿ ಸುತ್ತಿ ಕುಟ್ಟಿ. ಮೂರು ಪಾಲು ಪುಡಿಗೆ ಒಂದು ಪಾಲು ಉಪ್ಪು ಬೆರೆಸಿ, ಹೊರಮೈ ಚೆನ್ನಾಗಿ ಒರೆಸಿದ ಸ್ಟೀಲ್ ಲೋಟಕ್ಕೆ ತುಂಬಿ. ಪುಡಿಯುಪ್ಪೇ ಇರಲಿ, ಕಲ್ಲುಪ್ಪು ಕರಗಲು ಸತಾಯಿಸುತ್ತದೆ. ಈ ಮಿಶ್ರಣ ಸೊನ್ನೆಗಿಂತ ಬಹಳ ಕೆಳಗೆ, ಹೆಚ್ಚೆಂದರೆ ಮೈನಸ್ 21 ಡಿಗ್ರಿಯವರೆಗೆ ಇಳಿಯಬಲ್ಲದು, ಬರಿಗೈಯಲ್ಲಿ ಹಿಡಿಯಬಾರದು. ಫ್ಯಾನ್ ಆರಿಸಿ. ಮಳೆಗಾಲವಾದರೆ ಹಿಮ ದಟ್ಟವಾಗಿ ಕಟ್ಟುತ್ತದೆ, ಏಪ್ರಿಲ್‌ನ ಒಣಗಾಳಿಯಲ್ಲಿ ತೆಳ್ಳಗೆ.

ಲೋಟದ ಮೇಲೆ ಮೊದಲು ಹನಿ ಮೂಡಿ ಹೆಪ್ಪುಗಟ್ಟುತ್ತದೆ, ಆಮೇಲೆ ಅದರ ಮೇಲೆ ಬಿಳಿ ಪದರ ಏಳುತ್ತದೆ. ಉಸಿರು ತಾಗದಂತೆ ಭೂತಗನ್ನಡಿ ಹಿಡಿದು ನೋಡಿ. ಪುಡಿಯಂತೆ ಕಂಡದ್ದು ಒಂದರ ಬೆನ್ನ ಮೇಲೊಂದು ಚಿಗುರಿದ ಮೊನೆಗಳು. «ಜಾಲಿಮುಳ್ಳು!» ಎಂದು ನಮ್ಮ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೂಗಿದ್ದಳು. ಆರು ತೋಳಿನ ನಕ್ಷತ್ರ ಇಲ್ಲಿ ಸಿಗದು. ಅದಕ್ಕೆ ಹರಳು ಸುತ್ತಲೂ ಜಾಗವಿದ್ದು, ಗಾಳಿಯಲ್ಲಿ ಒಂಟಿಯಾಗಿ ಬೆಳೆಯಬೇಕು.

ಈಗ ಪ್ರಶ್ನೆಗೆ ಬನ್ನಿ. ಜಪಾನಿನ ಭೌತವಿಜ್ಞಾನಿ ಉಕಿಚಿರೊ ನಕಾಯಾ 1936ರಲ್ಲಿ ಮೊಲದ ಕೂದಲಿನ ತುದಿಯಲ್ಲಿ ಕೃತಕ ಹಿಮದ ಹರಳು ಬೆಳೆಸಿದರು. ಆಕಾರವನ್ನು ತೀರ್ಮಾನಿಸುವುದು ಉಷ್ಣತೆ ಮತ್ತು ತೇವ ಎಂಬುದು ಅವರ ಪ್ರಯೋಗಗಳಿಂದ ತಿಳಿಯಿತು: ಮೈನಸ್ 5ರ ಆಸುಪಾಸಿನಲ್ಲಿ ಸೂಜಿ, ಮೈನಸ್ 15ರಲ್ಲಿ ತೇವ ಸಾಕಷ್ಟಿದ್ದರೆ ನಕ್ಷತ್ರ. ಮೋಡದೊಳಗೆ ಪ್ರತಿ ಹರಳಿನ ದಾರಿ ಬೇರೆ, ಆದ್ದರಿಂದ ಕೊಂಬೆಗಳ ವಿನ್ಯಾಸವೂ ಬೇರೆ. ಒಂದೇ ಹರಳಿನ ಆರೂ ತೋಳುಗಳು ಒಟ್ಟಿಗೆ ಸಾಗುವುದರಿಂದ ತಮ್ಮತಮ್ಮಲ್ಲಿ ಬಹುಮಟ್ಟಿಗೆ ಹೋಲುತ್ತವೆ.

ಆದರೆ ಇನ್ನೂ ಕೊಂಬೆಯೊಡೆಯದ ಪುಟ್ಟ ಷಟ್ಕೋನ ಬಿಲ್ಲೆಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟರೂ ಪ್ರತ್ಯೇಕಿಸುವುದು ಕಷ್ಟ. 1988ರಲ್ಲಿ ಅಮೆರಿಕದ ವಿಜ್ಞಾನಿ ನ್ಯಾನ್ಸಿ ನೈಟ್ ಅವಳಿಗಳಂತಿದ್ದ ಎರಡು ಹರಳುಗಳನ್ನು ವರದಿ ಮಾಡಿದರು. ಅಲ್ಲಿನ ಭೌತವಿಜ್ಞಾನಿ ಕೆನೆತ್ ಲಿಬ್ರೆಕ್ಟ್ ಪ್ರಯೋಗಾಲಯದಲ್ಲೇ ಅಂಥ ಜೋಡಿಗಳನ್ನು ಬೆಳೆಸಿದ್ದಾರೆ. ಅಣುಗಳ ಮಟ್ಟಕ್ಕೆ ಇಳಿದರೆ ಮಾತು ಬದಲಾಗುತ್ತದೆ: ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಮಾಮೂಲಿಗಿಂತ ಹೆಚ್ಚು ತೂಕದ ಹೈಡ್ರೋಜನ್ ಪರಮಾಣು ಇರುತ್ತದೆ, ಎರಡು ಹರಳುಗಳಲ್ಲಿ ಅದು ಒಂದೇ ಜಾಗಗಳಲ್ಲಿ ಕೂರುವ ಸಂಭವ ಇಲ್ಲವೆಂದೇ ಹೇಳಬೇಕು. ಹಾಗಾಗಿ ನಾನು ಮಕ್ಕಳನ್ನೇ ತಿರುಗಿ ಕೇಳುತ್ತೇನೆ: ಎಷ್ಟು ಹತ್ತಿರದಿಂದ ನೋಡುತ್ತೀರಿ?

ಉಳಿದ ಉಪ್ಪುನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ, ಬಚ್ಚಲಿಗೆ ಚೆಲ್ಲಿ. ಲೋಟವನ್ನು ಅಂದೇ ತೊಳೆಯಿರಿ; ಉಪ್ಪು ಸ್ಟೀಲನ್ನೂ ಬಿಡುವುದಿಲ್ಲ.