ಸೈಟಿಗೆ ಅಡ್ವಾನ್ಸ್ ಕೊಡುವ ಮೊದಲು ಝೋನ್ ನೋಡುವುದು ಹೇಗೆ?

ತುಮಕೂರಿನಿಂದ ಕುಣಿಗಲ್ ಕಡೆಗೋ ಗುಬ್ಬಿ ಕಡೆಗೋ ಹೊರಟರೆ ಹೊಲಗಳ ಮಧ್ಯೆ ನೆಟ್ಟ ಸೈಟು ಕಲ್ಲುಗಳು ಕಾಣುತ್ತವೆ. ಸೈಟು ತೋರಿಸುವವರು ಬೋರ್‌ವೆಲ್ ನೀರು, ಬಸ್ಸು, ಶಾಲೆ ಎಲ್ಲದರ ಬಗ್ಗೆಯೂ ತಾವಾಗಿಯೇ ಹೇಳುತ್ತಾರೆ. ಜಮೀನು ಯಾವ ಝೋನಿನಲ್ಲಿದೆ ಎಂಬುದನ್ನು ಮಾತ್ರ ನಾವೇ ಬಾಯಿಬಿಟ್ಟು ಕೇಳಬೇಕು. ಕೇಳಿದರೆ, "ಎಲ್ಲ ಕನ್ವರ್ಷನ್ ಆಗಿದೆ ಸಾರ್" ಎನ್ನುತ್ತಾರೆ. ಕನ್ವರ್ಷನ್ ಎಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸುವುದು, ಅದು ಬೇರೆ ಪ್ರಶ್ನೆಗೆ ಉತ್ತರ.

ಊರಿನ ಜಮೀನನ್ನು ಬಳಕೆಯ ಪ್ರಕಾರ ವಿಂಗಡಿಸಿ, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂದು ಮೊದಲೇ ಗೊತ್ತು ಮಾಡುವುದೇ ಝೋನಿಂಗ್. ನ್ಯೂಯಾರ್ಕ್ ನಗರ 1916ರಲ್ಲೇ ಇಡೀ ಊರಿಗೆ ಇಂಥ ನಿಯಮ ತಂದಿತ್ತು. ನಮ್ಮಲ್ಲಿ ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಡಿ ಮಾಸ್ಟರ್ ಪ್ಲಾನ್ ತಯಾರಾಗುತ್ತದೆ. ತುಮಕೂರಿನಲ್ಲಿ ಈ ಕೆಲಸ ನಗರಾಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ಎಲ್ಲರೂ ಟೂಡಾ ಎನ್ನುವ ಕಚೇರಿಯದ್ದು. ಪ್ಲಾನಿನಲ್ಲಿ ಬಣ್ಣ ತುಂಬಿದ ನಕ್ಷೆ ಇರುತ್ತದೆ, ಜೊತೆಗೆ ವಲಯ ನಿಯಮಾವಳಿ ಇರುತ್ತದೆ. ಎರಡನ್ನೂ ನೋಡಬೇಕು.

ಮೊದಲು ಸರ್ವೆ ನಂಬರ್ ಹಿಡಿಯಿರಿ

ಲೇಔಟಿನ ಹೆಸರು, ಸೈಟ್ ನಂಬರ್ ಇಟ್ಟುಕೊಂಡು ಏನೂ ಸಿಗುವುದಿಲ್ಲ. ಗ್ರಾಮದ ಹೆಸರು, ಸರ್ವೆ ನಂಬರ್, ಹಿಸ್ಸಾ ನಂಬರ್ ಬೇಕು. ಪಹಣಿಯಲ್ಲಿ ಇವೆಲ್ಲ ಇರುತ್ತವೆ. ಮಾರುವವರು ಹೇಳಿದ ನಂಬರೂ ನೀವು ನಿಂತು ನೋಡಿದ ಜಾಗವೂ ಒಂದೇನಾ ಎಂದು ತಿಳಿಯಲು ದಿಶಾಂಕ್ ಆಪ್ ಇದೆ. ಜಾಗದಲ್ಲೇ ನಿಂತು ಮೊಬೈಲ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಗಡಿಯ ಹತ್ತಿರ ಅದನ್ನು ಪೂರ್ತಿ ನಂಬಬೇಡಿ, ಅಲ್ಲಿ ಸರ್ವೆಯರ್ ಅಳತೆಯೇ ಆಗಬೇಕು. ಅಂದಹಾಗೆ, ಪಹಣಿಯಲ್ಲಿ ಝೋನ್ ಬರೆದಿರುವುದಿಲ್ಲ. ಸುಮ್ನೆ ಹುಡುಕಬೇಡಿ.

ನಕ್ಷೆಯ ಬಣ್ಣ ಓದಿ

ಸಾಮಾನ್ಯವಾಗಿ ಹಳದಿ ಎಂದರೆ ವಸತಿ. ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯಂಥ ಸಾರ್ವಜನಿಕ ಬಳಕೆ. ಬೂದು ಬಣ್ಣ ರಸ್ತೆ, ರೈಲಿಗೆ. ಗೊಂದಲವಾಗುವುದು ಹಸಿರಿನಲ್ಲಿ. ಪಾರ್ಕೂ ಹಸಿರೇ, ಕೃಷಿ ವಲಯವೂ ಹಸಿರೇ, ಛಾಯೆ ಮಾತ್ರ ಬೇರೆ. ಆದ್ದರಿಂದ ನಕ್ಷೆಯ ಮೂಲೆಯಲ್ಲಿರುವ ಸೂಚಿ ನೋಡದೆ ತೀರ್ಮಾನಕ್ಕೆ ಬರಬೇಡಿ. ಬ್ರೋಕರ್ ಕೊಟ್ಟ ಕಪ್ಪು ಬಿಳುಪು ಜೆರಾಕ್ಸ್ ಅಂತೂ ಕೆಲಸಕ್ಕೇ ಬಾರದು. ಅದರಲ್ಲಿ ವಸತಿಯೂ ಒಂದೇ, ಕೃಷಿಯೂ ಒಂದೇ!

ನಿಮ್ಮ ನಂಬರ್ ಹಳದಿಯಲ್ಲಿ ಕಂಡ ತಕ್ಷಣ ನಕ್ಷೆ ಮಡಚಿಡಬೇಡಿ. ಸುತ್ತಮುತ್ತ ಏನಿದೆ ನೋಡಿ. ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕಡೆ ಕೈಗಾರಿಕಾ ಪ್ರದೇಶಗಳಿವೆ. ಹತ್ತಿರದಲ್ಲೇ ಸೈಟು ಕೊಳ್ಳುವವರು ಪಕ್ಕದ ಖಾಲಿ ಜಮೀನು ನೇರಳೆಯೇ ಎಂದು ತಿಳಿದಿರುವುದು ಒಳ್ಳೆಯದು. ಇವತ್ತು ಅಲ್ಲಿ ಹುರುಳಿ ಬೆಳೆದಿರಬಹುದು, ನಾಳೆ ಶೆಡ್ ಎದ್ದರೆ ತಕರಾರು ಹೇಳುವುದು ಕಷ್ಟ. ಮುಂದೆ ಆಗಲಿರುವ ರಸ್ತೆಗಳೂ ನಕ್ಷೆಯಲ್ಲೇ ಇರುತ್ತವೆ. ಅದರ ಗೆರೆ ನಿಮ್ಮ ಸೈಟಿನ ಮೇಲೆ ಹಾದುಹೋಗಿದೆಯೇ ಎಂದೂ ನೋಡಿ.

ಕಣ್ಣಂದಾಜು ಸಾಲದು. ಗ್ರಾಮ, ಸರ್ವೆ ನಂಬರ್ ಬರೆದು, ಮಾಸ್ಟರ್ ಪ್ಲಾನಿನಲ್ಲಿ ಈ ಜಮೀನಿನ ಉಪಯೋಗ ಏನೆಂದು ತಿಳಿಸಿ ಎಂದು ಟೂಡಾಕ್ಕೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಜಾಗ ಟೂಡಾ ವ್ಯಾಪ್ತಿಯ ಹೊರಗಿದ್ದರೆ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆಯಲ್ಲಿ ವಿಚಾರಿಸಿ.

ಕನ್ವರ್ಷನ್ ಬೇರೆ, ಝೋನ್ ಬೇರೆ

ಜಾಸ್ತಿ ಜನ ಎಡವುವುದು ಇಲ್ಲೇ. ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಲು ಅನುಮತಿ ಕೊಡುವವರು ಜಿಲ್ಲಾಧಿಕಾರಿ. ಅದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ನಡೆಯುತ್ತದೆ. ಝೋನ್ ನಿಗದಿಯಾಗುವುದು ಯೋಜನಾ ಕಾಯ್ದೆಯಲ್ಲಿ. ಲೇಔಟಿನ ನಕ್ಷೆಗೆ ಮಂಜೂರಾತಿ ಇನ್ನೊಂದು ಕಾಗದ, ಅದು ಯೋಜನಾ ಕಾಯ್ದೆಯ 17ನೇ ಕಲಂಗೆ ಸೇರಿದ್ದು. ಖಾತೆ ಆಸ್ತಿ ತೆರಿಗೆಯ ಲೆಕ್ಕಕ್ಕೆ ಇರುವ ದಾಖಲೆ. ಖಾತೆ ಕೈಯಲ್ಲಿದ್ದ ಮಾತ್ರಕ್ಕೆ ಲೇಔಟಿಗೆ ಅನುಮತಿ ಇದೆ ಎಂದಾಗುವುದಿಲ್ಲ. ಮಾರುವವರು ಒಂದನ್ನು ತೋರಿಸಿ ಉಳಿದವೂ ಇವೆ ಎಂಬಂತೆ ಮಾತಾಡಿದರೆ, ನಿಧಾನವಾಗಿ ಒಂದೊಂದನ್ನೇ ಹೆಸರಿಟ್ಟು ಕೇಳಿ. ಕನ್ವರ್ಷನ್ ಆದೇಶ ಸಿಕ್ಕಾಗ ಯಾವ ಉದ್ದೇಶಕ್ಕೆ ಎಂಬ ಸಾಲು ಓದಿ. ಕೈಗಾರಿಕೆಗೆಂದು ಪರಿವರ್ತನೆಯಾದ ಜಾಗದಲ್ಲಿ ಮನೆ ಸೈಟು ಮಾರುವಂತಿಲ್ಲ ಅಲ್ವಾ?

ಆಮೇಲೆ ನಿಯಮಾವಳಿ

ಪ್ರತಿ ವಲಯಕ್ಕೂ ಎರಡು ಪಟ್ಟಿ ಇರುತ್ತದೆ. ಒಂದರಲ್ಲಿ ನೇರವಾಗಿ ಅನುಮತಿ ಇರುವ ಬಳಕೆಗಳು. ಇನ್ನೊಂದರಲ್ಲಿ ಪ್ರಾಧಿಕಾರ ವಿಶೇಷ ಸಂದರ್ಭದಲ್ಲಿ ಒಪ್ಪಬಹುದಾದವು. ಮನೆ ಮುಂದೆ ಕಿರಾಣಿ ಅಂಗಡಿ, ಟೈಲರ್ ಅಂಗಡಿ, ಕ್ಲಿನಿಕ್ ಇಡುವ ಯೋಚನೆಯಿದ್ದರೆ ಈ ಪಟ್ಟಿಗಳನ್ನು ನೋಡಲೇಬೇಕು. ರಸ್ತೆಯ ಅಗಲವೂ ಲೆಕ್ಕಕ್ಕೆ ಬರುತ್ತದೆ.

ಎಷ್ಟು ಕಟ್ಟಬಹುದು ಎಂಬುದಕ್ಕೆ ಎಫ್‌ಎಆರ್ ನೋಡಿ, ಅಂದರೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ಸೈಟಿನ ಎಷ್ಟು ಪಟ್ಟು ಇರಬಹುದು ಎಂಬ ಮಿತಿ. 30×40 ಅಡಿ ಸೈಟು ಎಂದರೆ 1,200 ಚದರ ಅಡಿ. ಎಫ್‌ಎಆರ್ 1.75 ಎಂದಿಟ್ಟುಕೊಂಡರೆ ಎಲ್ಲ ಮಹಡಿ ಸೇರಿ 2,100 ಚದರ ಅಡಿ. ಸುತ್ತ ಬಿಡಬೇಕಾದ ಜಾಗ, ಪಾರ್ಕಿಂಗ್ ನಿಯಮವೂ ಇದರ ಜೊತೆಗೇ ಇರುತ್ತವೆ. ಮೇಲೆ ಎರಡು ಬಾಡಿಗೆ ಮನೆ ಹಾಕುವ ಲೆಕ್ಕದಲ್ಲಿ ಸಾಲ ಮಾಡುವವರು ಈ ಗುಣಾಕಾರವನ್ನು ಮೊದಲೇ ಮಾಡಿಕೊಳ್ಳಲಿ.

ಬಣ್ಣ ಬದಲಿಸಬಹುದೇ?

ಬದಲಿಸಬಹುದು. ಯೋಜನಾ ಕಾಯ್ದೆಯ 14-ಎ ಕಲಂನಲ್ಲಿ ಅದಕ್ಕೆ ಅವಕಾಶವಿದೆ. ಶುಲ್ಕ ಕಟ್ಟಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. "ಆಮೇಲೆ ಹಳದಿ ಮಾಡಿಸಿಕೊಡುತ್ತೇವೆ" ಎಂಬ ಮಾತಿನ ಮೇಲೆ ದುಡ್ಡು ಕೊಡಬೇಡಿ ಎನ್ನುವುದು ನನ್ನ ಸಲಹೆ. ಮಾಡಿಸಿದ ಮೇಲೆ ಕೊಂಡರಾಯಿತು.

ಇಂಥ ಬದಲಾವಣೆಗೆ ಮೊದಲು ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಅವುಗಳನ್ನು ಯಾರೂ ಓದುವುದಿಲ್ಲ. ನಿಮ್ಮ ಗ್ರಾಮದ ಹೆಸರು ಕಂಡರೆ ಸರ್ವೆ ನಂಬರ್ ಗಮನಿಸಿ. ಪಕ್ಕದ ಜಮೀನಾಗಿದ್ದು ನಿಮಗೆ ತೊಂದರೆ ಎನಿಸಿದರೆ, ಅದರಲ್ಲಿ ಹೇಳಿದ ದಿನದೊಳಗೆ ಕಾರಣ ಬರೆದು ಆಕ್ಷೇಪಣೆ ಕೊಡಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಕು ಹಾಕಿಸಿಕೊಳ್ಳಿ.